ವರ್ನಾಳ ಸ್ಪಂಜಿನ ಪಾದ

ವರ್ನಾ ಪಿಟ್‌ಮನ್‌ಗೆ ಮಕ್ಕಳೆಂದರೆ ಪ್ರಾಣ ಎಂದು ಊರೆಲ್ಲ ಹೇಳುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಇದು. ಅವಳ ಪಕ್ಕದ ಮನೆಯಲ್ಲೇ ಬಾಳಿದ ನನ್ನನ್ನು ಕೇಳಿದರೆ, ಅವಳಿಗೆ ಪ್ರಾಣವೆಂದರೆ ಅವಳ ಮೇಜುಬಟ್ಟೆ. ಅದರ ಮೇಲೆ ಬಣ್ಣ ಚೆಲ್ಲದ ಮಗು ಬಂಗಾರ, ಚೆಲ್ಲಿದ ಮಗುವಿಗೆ ಮನೆಯಲ್ಲಿ ಹೇಳಿಕೊಟ್ಟವರಿಲ್ಲ.

ಪ್ರತಿ ಹ್ಯಾಲೋವೀನ್‌ಗೂ ಗ್ರಂಥಾಲಯದಲ್ಲಿ ಪುಟ್ಟ ಮಕ್ಕಳ ಕೈಯಲ್ಲಿ ಪಾದದ ದೆವ್ವ ಮಾಡಿಸುವ ಯಜಮಾನಿಕೆ ಇವಳದು. ಅಂಗಾಲಿಗೆ ಬಿಳಿ ಬಣ್ಣ ಹಚ್ಚಿ ಕಪ್ಪು ಕಾಗದದ ಮೇಲೆ ಒತ್ತಿಸಿ, ಕಾಗದವನ್ನು ತಲೆಕೆಳಗು ಮಾಡುವುದು. ಹಿಮ್ಮಡಿ ದೆವ್ವದ ತಲೆಯಾಗುತ್ತದೆ, ಬೆರಳುಗಳು ಬಾಲ. ಕಣ್ಣು ಅಂಟಿಸಿದರೆ ಮುಗಿಯಿತು. ಮಕ್ಕಳಿಗೆ ಕಚಗುಳಿಯಾಗಿ ಕೇಕೆ ಹಾಕುತ್ತವೆ, ನೆಲವೆಲ್ಲ ಬಿಳಿ ಹೆಜ್ಜೆ. ವರ್ನಾಗೆ ಆಗದ್ದೇ ಅದು. ಆ ವರ್ಷ ಅವಳು ಒಂದು ಸ್ಪಂಜನ್ನು ಪುಟ್ಟ ಮುದ್ದು ಪಾದದಂತೆ ಕತ್ತರಿಸಿಕೊಂಡು, ಠಸ್ಸೆ ಒತ್ತುವ ಗುಮಾಸ್ತನ ಹಾಗೆ ಎಲ್ಲರಿಗೂ ಅದನ್ನೇ ಒತ್ತಿಕೊಟ್ಟಳು. ತಾಯಂದಿರನ್ನು ಹೊರಗೇ ನಿಲ್ಲಿಸಿದ್ದಳು.

ಎದುರುಮನೆಯ ನಾಲ್ಕು ವರ್ಷದ ವೆಸ್ ಅಂದು ಸಾಕ್ಸ್ ಬಿಚ್ಚಿಕೊಂಡೇ ಒಳಗೆ ಓಡಿದ್ದ. ಅವನಪ್ಪ ಕರ್ಟ್ ದೊಡ್ಡ ಸರೋವರದಲ್ಲಿ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಗಾರ. ಮಾರ್ಚ್‌ನಲ್ಲಿ ಹೋದರೆ ನೀರು ಹೆಪ್ಪುಗಟ್ಟುವ ಜನವರಿಗೇ ಮನೆ. "ನಿನ್ ಕಾಲಿನ ಅಳತೆ ಕಳ್ಸೋ ಮರಿ, ಹಿಮದ ಬೂಟು ತರ್ತೀನಿ" ಎಂದು ಫೋನಿನಲ್ಲಿ ಹೇಳಿದ್ದ. ವೆಸ್‌ನ ತಾಯಿ ಡಾನಾ ವಿಳಾಸ ಬರೆದ ಲಕೋಟೆಯನ್ನು ವರ್ನಾಳ ಕೈಗಿಟ್ಟು, ಈ ಪಾದದ ಗುರುತೇ ಬೂಟಿನ ಅಳತೆ ಎಂದು ಬಿಡಿಸಿ ಹೇಳಿದ್ದಳು. ದೆವ್ವ ಒಣಗಿದ ಮೇಲೆ ಅಂಚೆಗೆ ಹಾಕುವೆನೆಂದು ವರ್ನಾಳೂ ಬೆಣ್ಣೆಯಂತೆ ಒಪ್ಪಿದ್ದಳು.

ಒಳಗೆ ನಡೆದದ್ದೇ ಬೇರೆ.

"ಸಾಕ್ಸ್ ಹಾಕ್ಕೋ ಕಂದಾ, ಆಂಟಿ ನಿಂಗೆ ಕಾಲು ಮಾಡಿಟ್ಟಿದೀನಿ."

"ಅದು ನನ್ ಕಾಲಲ್ಲ!"

"ಈಗ ನಿಂದೇ ಆಯ್ತಲ್ಲ," ಎಂದು ವರ್ನಾ ಕೆಳಗೆ ಅವನ ಹೆಸರು ಬರೆದಳು.

ಕಾರಿನಲ್ಲಿ ಅವನು ಅಮ್ಮನಿಗೂ ಹೇಳಿದ, "ಅದು ನನ್ ಕಾಲಲ್ಲಮ್ಮ."

"ಹೂಂ ಮರಿ, ಈಗ ಅದು ದೆವ್ವ ಅಲ್ವಾ," ಎಂದು ಡಾನಾ ನಕ್ಕಳು, ಪಾಪ.

ಜನವರಿಯಲ್ಲಿ ಕರ್ಟ್ ಬಂದ ದಿನ ನಾನು ಸೇಬಿನ ಪೈ ಕೊಡಲು ಅವರ ಮನೆಗೆ ಹೋಗಿದ್ದೆ. ದೆವ್ವವನ್ನು ಅಂಗಡಿಗೇ ಒಯ್ದು ಅಳೆಸಿ ತಂದ ಕೆಂಪು ಬೂಟು ಎಂದು ಬೀಗುತ್ತಿದ್ದ. ವೆಸ್ ಕಾಲು ತುರುಕಿದ, ಹಿಮ್ಮಡಿ ಇಳಿಯಲಿಲ್ಲ. ಮತ್ತೆ ತುರುಕಿದ. ಆಮೇಲೆ ಬೂಟನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

"ನಿಂಗೆ ಇನ್ನೊಬ್ಬ ಮಗ ಇದಾನಾ ಅಪ್ಪ?"

"ಇಲ್ವೋ! ನೀನೊಬ್ನೇ."

"ಮತ್ತೆ ಆ ಕಾಲು ಯಾರ್ದು? ಬೂಟು ಅವನಿಗೇ ಕೊಡು."

ಹತ್ತು ತಿಂಗಳು ಮನೆಯ ಮುಖ ಕಾಣದ ಆಳು, ಬಾಗಿಲಲ್ಲೇ ಕೂತು ಮಗನ ಕಾಲನ್ನು ಅಂಗೈಯಲ್ಲಿ ಅಳೆದ.

ಅಂದು ಕಾರಿನಲ್ಲಿ ಮಗ ಹೇಳಿದ್ದು ನೆನಪಾಗಿ ಡಾನಾ ಆಗಲೇ ಹೋಗಿ ವರ್ನಾಳ ಬಾಗಿಲು ಬಡಿದಳು. "ಬೂಟು ಬದಲಾಯಿಸಿದ್ರಾಯ್ತು ಬಿಡು. ದೆವ್ವ ಮಾತ್ರ ಎಷ್ಟ್ ನೀಟಾಗಿತ್ತು!" ಇದು ವರ್ನಾಳ ಉತ್ತರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಒಳಗೆ ಸ್ವಲ್ಪ ಅಳುಕು ಇರುತ್ತದೆ. ಇವಳಿಗೆ ಅದೂ ಇಲ್ಲ.

ಮಗು ಕೇಳಿದ್ದನ್ನು ಡಾನಾ ಅಳುತ್ತಾ ಹೇಳಿದ್ದಳು. ಅದೇ ವರ್ನಾಗೆ ಒಳ್ಳೆಯ ತಮಾಷೆಯಾಯಿತು. ಶನಿವಾರ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತು, "ಕೇಳಿದ್ರಾ, ನಮ್ ಕರ್ಟ್‌ಗೆ ಇನ್ನೊಬ್ಬ ಮಗ ಇದಾನಂತೆ, ಪುಟ್ಟ ಕಾಲಿನೋನು!" ಎಂದು ವೆಸ್‌ನ ಹಾಗೆ ಮುಖ ಮಾಡಿ ಅಭಿನಯಿಸಿದಳು. ಮುಂದಿದ್ದವರೆಲ್ಲ ಹೋ ಎಂದು ನಕ್ಕರು. ನಾಲ್ಕು ಜನರ ಹಿಂದೆ ಕರ್ಟ್ ನಿಂತಿದ್ದ, ಮಗನ ಕೈ ಹಿಡಿದುಕೊಂಡು.

ವೆಸ್ ಆ ಕೈಯನ್ನು ಬಿಡಿಸಿಕೊಂಡ.

"ನೋಡು," ಎಂದ, "ಅವನು ಆಂಟಿಗೂ ಗೊತ್ತು."