ಕಾಗೆ ಮುಟ್ಟಿದ ದೊಡ್ಡತ್ತೆ

ದೊಡ್ಡತ್ತೆಯ ಕ್ಯಾಮೆರಾದ ಬೆನ್ನಿಗೆ ಸದಾ ಕುಂಕುಮ ಮೆತ್ತಿರುತ್ತಿತ್ತು. ಹಣೆಯನ್ನು ಅದಕ್ಕೆ ಒತ್ತಿ ಹಿಡಿದು ನೋಡುವರು. ತಲೆ ಎತ್ತಿದಾಗ ಕುಂಕುಮ ಹುಬ್ಬಿನವರೆಗೆ ಹರಡಿರುತ್ತಿತ್ತು. ಅವರು ಅಪ್ಪನ ಅಕ್ಕ; ಮದುವೆಯಾಗದೆ ಮಲ್ಲೇಶ್ವರದ ನಮ್ಮ ಮನೆಯಲ್ಲೇ ಇದ್ದರು. ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ಕ್ಯಾಮೆರಾ ಕೊಂಡರು. ನವಿಲು, ಗಿಡುಗ ಎಂದು ಊರೂರು ಅಲೆಯುವವರಲ್ಲ, ಹಿತ್ತಿಲ ಕಾಗೆಯೇ ಸಾಕು. ಬರೀ ಕಾಗೆ ತಾನೇ ಎಂದರೆ, "ಒಂದರ್ಧ ಗಂಟೆ ಸುಮ್ನೆ ಕೂತು ನೋಡು, ಆಮೇಲೆ ಮಾತಾಡು" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ತೆಂಗಿನ ಬುಡದ ಇರುವೆ ಗೂಡಿನ ಮೇಲೆ ಕಾಗೆಯೊಂದು ರೆಕ್ಕೆ ಹರಡಿ ಮಲಗತೊಡಗಿತು. ಪಾಪ, ಬಿಸಿಲಿಗೆ ಸಾಯುತ್ತಿದೆ ಎಂದು ಅಮ್ಮ ನೀರು ಚಿಮುಕಿಸಲು ಹೋದಳು. ದೊಡ್ಡತ್ತೆ ತಡೆದರು. ಅದು ಬೇಕೆಂದೇ ಇರುವೆಗಳನ್ನು ಮೈಮೇಲೆ ಹತ್ತಿಸಿಕೊಳ್ಳುತ್ತಿತ್ತು; ಕೊಕ್ಕಿನಲ್ಲಿ ಒಂದೊಂದನ್ನೇ ಹಿಡಿದು ರೆಕ್ಕೆಯೊಳಗೆ ಉಜ್ಜಿಕೊಳ್ಳುತ್ತಿತ್ತು. ಮೈಯ ಹೇನು ಕಳೆಯಲು ಇರಬಹುದಂತೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲವಂತೆ. ಕೊಕ್ಕಿನಲ್ಲಿ ಇರುವೆ ಕಾಣುವಂಥ ಒಂದು ಫೋಟೋ ದೊಡ್ಡತ್ತೆಗೆ ಬೇಕಿತ್ತು, ಅದೂ ಬೇಗ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಮುಂದಿನ ವಾರ ಆಪರೇಷನ್. ಆಮೇಲೆ ಕಾಣುತ್ತದೆಂದು ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಹಾಗಾಗಿ ಗೋಣಿಚೀಲ ಹಾಸಿಕೊಂಡು, ಬೋರಲು ಮಲಗಿ ಕಾಯುತ್ತಿದ್ದರು.

ಒಂದು ಬೆಳಿಗ್ಗೆ ಕಾಗೆ ಹಾರುವಾಗ ಅವರ ತಲೆಗೆ ಕಾಲು ತಾಗಿಸಿತು. ಗ್ರಹಚಾರಕ್ಕೆ ಅದು ಅಮ್ಮನ ಕಣ್ಣಿಗೇ ಬೀಳಬೇಕೆ! ಕಾಗೆ ತಲೆ ಮುಟ್ಟಿದರೆ ಕಂಟಕ. ಸತ್ತರೆಂದು ಹತ್ತಿರದವರಿಗೆ ಸುಳ್ಳು ಸುದ್ದಿ ಕೊಟ್ಟು ಅಳಿಸಿದರೆ ದೋಷ ಕಳೆಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅಮ್ಮ ಯಾರನ್ನೂ ಕೇಳದೆ ವೈಯಾಲಿಕಾವಲಿನಲ್ಲಿದ್ದ ಚಿಕ್ಕತ್ತೆಗೆ, ಅಂದರೆ ದೊಡ್ಡತ್ತೆಯ ತಂಗಿಗೆ, ಫೋನ್ ಮಾಡಿ, "ನಿಮ್ಮಕ್ಕ ಹೋಗ್ಬಿಟ್ರು" ಎಂದಳು. ಸ್ವಲ್ಪ ಅಳಲಿ, ಆಮೇಲೆ ನಿಜ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಚಿಕ್ಕತ್ತೆ ಆಟೋ ಹತ್ತಿಯಾಗಿತ್ತು.

ಹಿತ್ತಿಲಿಗೆ ಬಂದರೆ ಅಕ್ಕ ನೆಲದ ಮೇಲೆ ಬೋರಲು ಬಿದ್ದಿದ್ದಾರೆ, ಅಲ್ಲಾಡುತ್ತಿಲ್ಲ. ಚಿಕ್ಕತ್ತೆ ಬೀದಿಯವರೆಲ್ಲ ಸೇರುವಂತೆ ಗೋಳಾಡಿದರು. ಹೆಣ ತಿರುಗಿಯೂ ನೋಡದೆ ಗದರಿತು: "ಸುಮ್ನಿರೇ, ಹಾರ್ಹೋಗತ್ತೆ."

ಮರಳಿ ಬಂದಿದ್ದ ಕಾಗೆ ಹಾರಿಯೇ ಹೋಯಿತು. ಚಿಕ್ಕತ್ತೆ ಅಕ್ಕನ ಬೆನ್ನಿಗೆ ಎರಡು ಗುದ್ದಿ, ತಬ್ಬಿಕೊಂಡು ಇನ್ನೊಮ್ಮೆ ಅತ್ತು, ಸೆರಗು ಬಾಯಿಗಿಟ್ಟುಕೊಂಡು ಪಕ್ಕದಲ್ಲೇ ಕೂತರು. ಸಂಜೆ ಕಾಗೆ ಮತ್ತೆ ಬಂತು. ಇರುವೆಯ ಕಾಲುಗಳೂ ಕಾಣುವಂಥ ಫೋಟೋ ಸಿಕ್ಕಿತು.

ಕಣ್ಣು ಉಳಿಯಿತು. ದೋಷ ಕಳೆಯಿತೆಂದು ಅಮ್ಮ, ತನ್ನ ಅಳು ಫಲಿಸಿತೆಂದು ಚಿಕ್ಕತ್ತೆ; ಡಾಕ್ಟರನ್ನು ಕೇಳುವವರೇ ಇಲ್ಲ. ದೊಡ್ಡತ್ತೆ ಆಮೇಲೂ ವರ್ಷಗಟ್ಟಲೆ ಕಾಗೆಗಳ ಹಿಂದೆ ಬಿದ್ದರು, ನನ್ನನ್ನೂ ಪಕ್ಕದಲ್ಲಿ ಮಲಗಿಸಿಕೊಂಡು ನೋಡುವುದನ್ನು ಕಲಿಸಿದರು. ನಾನು ಇಂದು ಏನನ್ನಾದರೂ ನಿಂತು ನೋಡುತ್ತೇನಾದರೆ ಅದು ಅವರಿಂದ.

ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಚಿಕ್ಕತ್ತೆಗೆ ಫೋನ್ ಮಾಡಿದವನು ನಾನು. ಅವರು ಆಸೆಯಿಂದ ಕೇಳಿದರು:

"ಕಾಗೆ ಏನಾದ್ರೂ ಮುಟ್ಟಿತೇನೋ ಮಗಾ?"