ರೆಕ್ಕೆಯೊಳಗಿನ ಮುಚ್ಚಳ

ರೆಕ್ಕೆಯ ಮೇಲೆ ಕೈಯಾಡಿಸಿದರೆ ಎಲ್ಲೂ ತಡೆಯಬಾರದು ಎಂಬುದು ಡೆಲ್ಬರ್ಟ್ ಉನ್ರೂನ ಹಟ. ಕ್ಯಾನ್ಸಸ್‌ನಲ್ಲಿ ಪುಟ್ಟ ವಿಮಾನಗಳ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದ ಅವನು ರೆಕ್ಕೆಯಲ್ಲಿನ ಪೆಟ್ರೋಲು ಟ್ಯಾಂಕಿನ ಮುಚ್ಚಳವನ್ನೂ ಒಳಕ್ಕೆ ತಗ್ಗಿಸಿ ಕೂರಿಸಿದ. ನೋಡಲು ಬಲು ಸೊಗಸು. ಮಾಲೀಕರು ಬೆನ್ನು ತಟ್ಟಿ, ಗೋಡೆಗೆ ಹಾಕಿಕೊಳ್ಳಲು ಹಿತ್ತಾಳೆಯ ಫಲಕ ಕೊಟ್ಟರು.

ಮಳೆ ಬಂದರೆ ಆ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ಮುಚ್ಚಳದ ರಬ್ಬರ್ ಬಳೆ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ನೀರು ನೇರ ಟ್ಯಾಂಕಿಗೆ. ಪೈಲಟ್‌ಗಳು ದೂರಿದಾಗಲೆಲ್ಲ ಡೆಲ್ಬರ್ಟ್‌ಗೆ ಮೈಯೆಲ್ಲ ಉರಿ.

"ಹಾರೋಕ್ ಮುಂಚೆ ರೆಕ್ಕೆ ಕೆಳಗಿನ ನಲ್ಲಿ ಬಿಟ್ಟು ನೀರಿದ್ಯಾ ಅಂತ ನೋಡೋಕೇನು ಧಾಡಿ ಇವರಿಗೆ? ಸೋಮಾರಿಗಳು!"

ಅವನ ಅಳಿಯ ವೆಂಡೆಲ್ ಸೋಮಾರಿಯಲ್ಲ. ಮಾವನ ಮುಚ್ಚಳವಿದ್ದ ಹಳೆಯ ವಿಮಾನವನ್ನೇ ಹುಡುಕಿ ಕೊಂಡಿದ್ದ, ಅಭಿಮಾನದಿಂದ. ಶೆಡ್ಡು ಸಿಗದೆ ಬಯಲಲ್ಲಿ ನಿಲ್ಲಿಸುತ್ತಿದ್ದ. ಜೋರು ಮಳೆಯ ಮರುದಿನ ಬೆಳಿಗ್ಗೆ, ಎಲ್ಲರಂತೆ ಅವನೂ ನಲ್ಲಿ ಬಿಟ್ಟು ಗಾಜಿನ ಲೋಟಕ್ಕೆ ಹಿಡಿದ. ನೀರು ಬೆರೆತಿದ್ದರೆ ಅದು ತಳಕ್ಕಿಳಿದು ನಡುವೆ ಗೆರೆ ಕಾಣಬೇಕು. ಗೆರೆಯಿರಲಿಲ್ಲ. ಸರಿಯಾಗಿದೆ ಎಂದುಕೊಂಡು ಹೊರಟ. ಲೋಟದ ತುಂಬ ಇದ್ದದ್ದು ಬರೀ ನೀರು. ಗೋಧಿ ಹೊಲದ ಮೇಲೆ ಎಂಜಿನ್ ನಿಂತಿತು. ವೆಂಡೆಲ್ ಬದುಕಲಿಲ್ಲ.

ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಬನ್ನು, ಹಂದಿಮಾಂಸ ತಿನ್ನುತ್ತ ಡೆಲ್ಬರ್ಟ್ ಪಕ್ಕದವನಿಗೆ ಹೇಳಿದ: "ಬಣ್ಣ ನೋಡ್ಬೇಕಿತ್ತಪ್ಪ. ವಿಮಾನದ ಪೆಟ್ರೋಲು ನೀಲಿ ಇರುತ್ತೆ ಅಂತ ಸಣ್ಣ ಮಗೂಗೂ ಗೊತ್ತು."

ನಾಚಿಕೆಗೆಟ್ಟ ಮಾತು. ಸತ್ತವನು ಎದ್ದು ಬಂದು ಜವಾಬು ಕೊಡುವುದಿಲ್ಲವಲ್ಲ! ಕಾಫಿ ತಂದ ಮಗಳು, ವೆಂಡೆಲ್‌ನ ಹೆಂಡತಿ ಲವೋನ್, ಅದನ್ನು ಕೇಳಿಸಿಕೊಂಡಳು. ಅಪ್ಪ ಒಂದು ದಿನ ತಾನಾಗಿಯೇ ಒಪ್ಪಿಕೊಂಡಾನು ಎಂದು ಕಾದಳು.

ಮರುವರ್ಷ ಕಾರ್ಖಾನೆ ಮುಚ್ಚಳ ಬದಲಿಸಿತು. ಟ್ಯಾಂಕಿನ ಬಾಯಿ ಮೇಲಕ್ಕೆದ್ದಿತು, ಮುಚ್ಚಳ ಅದರ ಅಂಚು ದಾಟಿ ಕವುಚಿ ಕೂತಿತು. ನಕ್ಷೆ ಬರೆದವನೂ ಡೆಲ್ಬರ್ಟನೇ.

ಭಾನುವಾರ ಲವೋನ್ ಎಂದಿನಂತೆ ಅಪ್ಪನ ಮನೆಗೆ ನೂಡಲ್ಸ್ ಹಾಕಿದ ಕೋಳಿಸಾರು ತಂದಳು.

"ಹೊಸ ಮುಚ್ಚಳ ನೀನೇ ಬರ್ದಿದ್ದಂತೆ?"

"ಹ್ಞೂಂ ಕಣಮ್ಮ. ಎಂಥಾ ಮಳೆ ಬರ್ಲಿ, ಒಂದ್ ಹನಿ ಒಳಗೆ ಹೋಗಲ್ಲ." ದನಿಯಲ್ಲಿ ಅದೇ ಹಳೆಯ ಜಂಬ.

"ಎಷ್ಟು ದಿನ ಹಿಡೀತಪ್ಪ?"

"ದಿನ ಯಾಕೆ? ಮಧ್ಯಾಹ್ನದ ಊಟದೊಳಗೆ ಮುಗಿಸ್ದೆ. ಅದರಲ್ಲೇನಿದೆ, ನಿಮ್ಮಮ್ಮನ ಹಿಟ್ಟಿನ ಡಬ್ಬಿ ಮುಚ್ಚಳ ಇದೆಯಲ್ಲ, ಹಂಗೇ..."

ಲವೋನ್ ಅಡುಗೆಮನೆಯ ಕಪಾಟಿನಿಂದ ಆ ಡಬ್ಬಿ ತಂದು ಅಪ್ಪನ ಮುಂದೆ ಇಟ್ಟಳು.

"ಇದು ನಾನು ಹುಟ್ಟೋಕ್ ಮುಂಚಿಂದ ಇಲ್ಲೇ ಇದೆ" ಎಂದಳು.

ಕೋಟು ತೊಟ್ಟು ಹೊರಟೇಹೋದಳು. ಮುಂದಿನ ಭಾನುವಾರ ಡೆಲ್ಬರ್ಟ್ ಕಿಟಕಿಯ ಬಳಿ ಕೂತು ಕಾದ. ಸಾರು ಬರಲಿಲ್ಲ.