ಭಾಷೆ ಇರೋವರೆಗೂ

"ನಿನ್ನ ಭಾಷೆ ಹೇಗಿದ್ಯಂತೆ?"

ಬೆಳಗ್ಗೆ ಕಾಫಿ ಲೋಟ ಮುಂದಿಡುತ್ತ ಅತ್ತೆ ಕೇಳುವ ಮೊದಲ ಮಾತೇ ಅದು. ಆಸ್ಪತ್ರೆ ಸೇರಿದ ನೆಂಟರನ್ನು ವಿಚಾರಿಸುವ ಧಾಟಿ. ದೊಡ್ಡಕ್ಕ ಫೋನಿನಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಸುದ್ದಿ ಓದುತ್ತ, "ಉಸಿರಾಡ್ತಿದೆ ಅತ್ತೆ" ಎನ್ನುತ್ತಿದ್ದಳು. ದೊಡ್ಡಕ್ಕ ಎಂಬುದು ಆಫೀಸಿನ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು. ಬರಬರುತ್ತ ಎದುರಿಗೇ ಕರೆಯುವಷ್ಟು ರೂಢಿಯಾಯಿತು.

ಔಷಧಿ ಗೋದಾಮಿನ ದಾಸ್ತಾನು ನೋಡಿಕೊಳ್ಳುವ ಪ್ರೋಗ್ರಾಮನ್ನು ಅತ್ತೆ ವಿಚಾರಿಸುತ್ತಿದ್ದ ಆ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವಳು ಅವಳೇ, ಇಂದಿಗೂ ಅದಕ್ಕೆ ತೇಪೆ ಹಾಕುತ್ತಿರುವವಳೂ ಅವಳೇ. ಬೇರೆ ಭಾಷೆ ಕಲಿಯಬಾರದಿತ್ತೇ ಎನ್ನಬೇಡಿ, ಕಲಿತಳು. ಸಂದರ್ಶನಗಳಿಗೂ ಅಲೆದಳು. ತಲೆಯೊಳಗೆ ಏನಿದೆ ಎಂದು ನೋಡುವ ಮೊದಲೇ ನರೆತ ತಲೆಗೂದಲು ನೋಡಿ ಕಳುಹಿಸಿದರು.

ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರ ಹೊಟ್ಟೆ ತುಂಬುತ್ತಿದ್ದದ್ದು ಆ ಕೆಲಸದಿಂದಲೇ. ಮ್ಯಾನೇಜರ್ ಭಾಷೆ ಕೊಟ್ಟಿದ್ದ: "ಆ ಭಾಷೆ ಇರೋವರೆಗೂ ನಿಮ್ಮ ಕೆಲಸಕ್ಕೆ ಏನೂ ಆಗಲ್ಲ ಮೇಡಂ." ಭಾಷೆಯ ಮೇಲೆ ಭಾಷೆ ಕೊಟ್ಟು ನುಣುಚಿಕೊಳ್ಳುವ ಜಾಣತನ ಅವನಿಗೇ ಸರಿ.

ಈ ವರ್ಷದ ಡೆವಲಪರ್‌ಗಳ ಸಮ್ಮೇಳನದಲ್ಲಿ ಆ ಭಾಷೆಯ ಮುಂದಿನ ಗತಿ ತಿಳಿಸುತ್ತಾರೆಂದು ಸುದ್ದಿ ಬಂತು. ಓದಿದ ದಿನದಿಂದ ಅವಳಿಗೆ ಊಟ ಸೇರಲಿಲ್ಲ. ರಜೆ ಹಾಕಿ ಹೊರಟಳು. "ಫೋನ್ ಮಾಡಿ ಕಟ್ ಮಾಡ್ದೆ ಹಾಗೇ ಇಟ್ಟಿರು, ನಾನೂ ಕೇಳ್ತೀನಿ" ಎಂದು ಅತ್ತೆ ಹಠ ಹಿಡಿದರು.

ಸಮ್ಮೇಳನದ ಬಾಗಿಲಲ್ಲಿ ಬಂದವರಿಗೆಲ್ಲ ಬಟ್ಟೆ ಚೀಲ ಹಂಚುತ್ತಿದ್ದ ಹುಡುಗಿ, "ಮಗನ ಜೊತೆ ಬಂದಿದೀರಾ ಆಂಟಿ?" ಎಂದಳು. ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು.

"ಮಗ ಇದ್ದಿದ್ರೆ ಅವನನ್ನೇ ಕಳಿಸ್ತಿದ್ದೆ ಕಣಮ್ಮ."

ಸಭಾಂಗಣ ಕಿಕ್ಕಿರಿದಿತ್ತು. ಅತ್ತೆಗೆ ಫೋನ್ ಮಾಡಿ, ಹೆಗಲ ಚೀಲದ ಬಾಯಲ್ಲಿ ನಿಲ್ಲಿಸಿಕೊಂಡು ಕೂತಳು. ಆ ಭಾಷೆಯ ಉಸ್ತುವಾರಿ ಹೊತ್ತ ತಂಡದ ಮುಖ್ಯಸ್ಥ ವೇದಿಕೆಗೆ ಬಂದ. ಮೊದಲು ಭಾಷೆಯನ್ನು ಹೊಗಳಿದ. ಹೊಗಳಿದ್ದೇ ಹೊಗಳಿದ್ದು. ಸತ್ತವರನ್ನಷ್ಟೇ ಹಾಗೆ ಹೊಗಳುತ್ತಾರೆ.

"ವರ್ಷದ ಕೊನೆಗೆ ಇದರ ಕೆಲಸ ನಿಲ್ಲಿಸ್ತಿದೀವಿ," ಎಂದ ಅವನು. "ಇನ್ಮೇಲೆ ನಮ್ಮ ಗಮನ ಎಲ್ಲ ಹೊಸ ಭಾಷೆ ಮೇಲೆ."

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಕ್ಕದವನು ಶಿಳ್ಳೆ ಹೊಡೆದ. ಎಲ್ಲರೂ ಎದ್ದಾಗ ಒಬ್ಬಳೇ ಕೂತಿರಲು ಸಂಕೋಚವೆನಿಸಿ ಅವಳೂ ಎದ್ದಳು. ಕೈಗಳು ತಾವಾಗಿಯೇ ತಟ್ಟತೊಡಗಿದವು. ತನ್ನ ಅನ್ನ ಕಿತ್ತುಕೊಂಡವನಿಗೆ ಚಪ್ಪಾಳೆ ತಟ್ಟುತ್ತಿದ್ದೇನೆ ಎಂದು ಹೊಳೆದ ಮೇಲೂ ನಿಲ್ಲಿಸಲಾಗಲಿಲ್ಲ. ಅಷ್ಟು ಭಯ ಅವಳಿಗೆ ಗಂಡ ಹೋದ ದಿನವೂ ಆಗಿರಲಿಲ್ಲ.

ಹೇಗೋ ಹೊರಗೆ ಬಂದು, ಗೋಡೆಗೆ ಒರಗಿ ಫೋನ್ ಕಿವಿಗಿಟ್ಟಳು. ಮೈಕಿನ ಗದ್ದಲದಲ್ಲಿ ಅತ್ತೆಗೆ ಒಂದು ಮಾತೂ ತಿಳಿದಿರಲಿಲ್ಲ. ಚಪ್ಪಾಳೆ ಮಾತ್ರ ಚೆನ್ನಾಗಿ ಕೇಳಿಸಿತ್ತು.

"ಅಬ್ಬಬ್ಬಾ, ಏನು ಚಪ್ಪಾಳೆ ಕಣೇ! ಬದುಕ್ತು ಅಲ್ವಾ ನಿನ್ನ ಭಾಷೆ?" ಅತ್ತೆ ಒಂದೇ ಉಸಿರಿಗೆ ಕೇಳಿದರು. "ನಾನೂ ಇಲ್ಲಿ ಒಬ್ಬಳೇ ಕೂತ್ಕೊಂಡು ಹುಚ್ಚಿ ಥರ ಚಪ್ಪಾಳೆ ತಟ್ಟಿದೆ. ಏನಂದ್ರು ಅಲ್ಲಿ? ಮಾತಾಡೇ!"

ದೊಡ್ಡಕ್ಕ ತನ್ನ ಅಂಗೈ ನೋಡಿಕೊಂಡಳು. ಇನ್ನೂ ಕೆಂಪಗಿತ್ತು.

"ನಾನೂ ತಟ್ಟಿದೆ ಅತ್ತೆ," ಎಂದಳು.